ಭಾರಶಿಲೆಯ ಗುರುತು

ಬೇಲೂರಿನ ಚೆನ್ನಕೇಶವ ದೇವಾಲಯವನ್ನು ನೋಡಿ ಬಂದ ವಿದ್ಯಾರ್ಥಿಗಳು ಅದರ ಕಲ್ಲನ್ನು ಗ್ರಾನೈಟ್ ಎಂದು ಬರೆಯುವುದುಂಟು. ಅದು ಬಳಪದ ಕಲ್ಲು. ಮೆಗ್ನೀಷಿಯಂ ಹೇರಳವಾಗಿದ್ದ ಅಗ್ನಿಶಿಲೆಗೆ ಮಿತವಾದ ಶಾಖದಲ್ಲಿ ನೀರು ಸೇರಿದುದರಿಂದ ಕ್ಲೋರೈಟ್, ಟಾಲ್ಕ್ ಮೊದಲಾದ ಮೆದು ಖನಿಜಗಳು ಹುಟ್ಟಿದವು. 1117ರ ಈ ಗುಡಿಯಲ್ಲಿ ರೂವಾರಿಗಳು ಕೂದಲೆಳೆಯಷ್ಟು ನವುರಾಗಿ ಕೊರೆಯಲು ಸಾಧ್ಯವಾದುದು ಆ ಮೆದುತನದಿಂದಲೇ.

ಇದಕ್ಕೆ ತೀರ ವಿರುದ್ಧವಾದ ದಾರಿ ಹಿಡಿದ ರೂಪಾಂತರ ಶಿಲೆ ಎಕ್ಲೊಗೈಟ್. 1822ರಲ್ಲಿ ಫ್ರಾನ್ಸಿನ ಖನಿಜವಿಜ್ಞಾನಿ ಅಯೂಯಿ ಇಟ್ಟ ಹೆಸರಿದು. ಸಾಗರತಳದ ಬಸಾಲ್ಟ್ ಶಿಲೆಯು ಭೂಗರ್ಭಕ್ಕೆ ಹಲವು ಹತ್ತು ಕಿಲೋಮೀಟರು ಇಳಿದಾಗ, ಅಲ್ಲಿನ ಒತ್ತಡದಲ್ಲಿ ಫೆಲ್ಡ್‌ಸ್ಪಾರ್ ಉಳಿಯಲಾರದು. ಅದರ ಧಾತುಗಳು ಕೆಂಪು ಗಾರ್ನೆಟ್ ಮತ್ತು ಹಸಿರು ಓಂಫಸೈಟ್ ಎಂಬ ಇಕ್ಕಟ್ಟಾದ ಹರಳುಗಳಲ್ಲಿ ಸೇರಿಕೊಳ್ಳುತ್ತವೆ. ದ್ರವ್ಯ ಹೆಚ್ಚೂಕಡಿಮೆ ಅದೇ, ಜಾಗ ಮಾತ್ರ ಕಡಿಮೆ. ಆದ್ದರಿಂದಲೇ ಈ ಭಾರ.

ಭಾರವನ್ನು ಅಳೆಯಲು ತಕ್ಕಡಿ, ದಾರ, ನೀರಿನ ಪಾತ್ರೆ ಸಾಕು. ಗಾಳಿಯಲ್ಲಿ 350 ಗ್ರಾಂ ತೂಗಿದ ತುಂಡು ನೀರಿನಲ್ಲಿ ಮುಳುಗಿ 250 ತೂಗಿದರೆ, ಕಳೆದುಕೊಂಡದ್ದು 100. 350ನ್ನು 100ರಿಂದ ಭಾಗಿಸಿದರೆ ಸಾಪೇಕ್ಷ ಸಾಂದ್ರತೆ 3.5. ಎಕ್ಲೊಗೈಟ್ ಇದರ ಆಸುಪಾಸಿನಲ್ಲಿ ನಿಲ್ಲುತ್ತದೆ. ಬಳಪದ ಕಲ್ಲು ಸುಮಾರು 2.8, ಗ್ರಾನೈಟ್ 2.7ರ ಹತ್ತಿರ.

ಆದರೆ ತೂಕವೊಂದನ್ನೇ ನಂಬಬಾರದು. ನಮ್ಮ ಜಿಲ್ಲೆಯ ಹೊಳೆನರಸೀಪುರದ ಸುತ್ತಣ ಶಿಲೆಗಳು 300 ಕೋಟಿ ವರ್ಷಗಳಿಗೂ ಹಳೆಯವು. ಅಲ್ಲಿ ಗಾರ್ನೆಟ್ ಹರಳುಗಳುಳ್ಳ ಕಲ್ಲುಗಳೂ ಇವೆ. ಕೆಂಪು ಹರಳಿನ ಕಪ್ಪು ತುಂಡೊಂದನ್ನು ಹಿಡಿದು ನಾನೇ ಒಮ್ಮೆ ‘ಎಕ್ಲೊಗೈಟ್’ ಎಂದು ಚೀಟಿ ಅಂಟಿಸಿದ್ದೆ! ಮಸೂರದಡಿ ನೋಡಿದಾಗ ಬಿಳಿಯ ಫೆಲ್ಡ್‌ಸ್ಪಾರ್ ಕಣಗಳು ಕಂಡವು. ಕಪ್ಪು ಖನಿಜದ ಸೀಳುಗಳು 120 ಅಂಶದ ಕೋನದಲ್ಲಿ ಕೂಡುತ್ತಿದ್ದವು. ಅದು ಆಂಫಿಬೋಲಿನ ಗುರುತು. ಓಂಫಸೈಟ್ ಪೈರಾಕ್ಸೀನ್ ಗುಂಪಿನದಾದ್ದರಿಂದ ಅದರ ಸೀಳುಗಳು ಬಹುಮಟ್ಟಿಗೆ ಲಂಬಕೋನದಲ್ಲಿರುತ್ತವೆ. ಚೀಟಿಯನ್ನು ಕಿತ್ತು ‘ಗಾರ್ನೆಟ್ ಆಂಫಿಬೋಲೈಟ್’ ಎಂದು ತಿದ್ದಬೇಕಾಯಿತು.

ಇಂತಹ ತೊಡಕಿಗೆ ಇನ್ನೊಂದು ಕಾರಣವೂ ಉಂಟು. ಎಕ್ಲೊಗೈಟ್ ಮೇಲೇರುವಾಗ ನೀರು ಸೋಕಿದರೆ ಅದೂ ಆಂಫಿಬೋಲೈಟ್ ಆಗಿ ಮಾರ್ಪಡುತ್ತದೆ. ಗಾರ್ನೆಟ್ ಸುತ್ತ ಕಪ್ಪು ಅಂಚು ಮೂಡುತ್ತದೆ. ಬೇಗನೆ ಮೇಲೆ ಬಂದುದು ಮಾತ್ರ ತನ್ನ ರೂಪವನ್ನು ಉಳಿಸಿಕೊಳ್ಳುತ್ತದೆ. ಲಡಾಖಿನ ತ್ಸೋ ಮೊರಾರಿ ಪ್ರದೇಶದ ಎಕ್ಲೊಗೈಟಿನಲ್ಲಿ ಕೋಎಸೈಟ್ ಎಂಬ ಖನಿಜ ದೊರೆತಿದೆ. ಅದು ಸುಮಾರು 90 ಕಿಲೋಮೀಟರಿಗೂ ಹೆಚ್ಚಿನ ಆಳಕ್ಕೆ ಸಾಕ್ಷಿ.

ಪರೀಕ್ಷೆಗೆ ದಾರಿಬದಿಯಲ್ಲಿ ಬಿದ್ದ ಚೂರುಗಳನ್ನೇ ಆರಿಸಿಕೊಳ್ಳಿರಿ. ಬಳಪದ ಕಲ್ಲಿನ ಮೇಲೆ ಉಗುರಿನ ಗೀರೂ ಮೂಡಬಲ್ಲುದು. ಗುಡಿಯ ಗೋಡೆಗೆ ಕೈ ಸೋಕಿಸಲೇಬೇಡಿರಿ.