ನಿತ್ಯಲೇಖನದ ಅಭ್ಯಾಸ

ಶಾಲೆಯಲ್ಲಿ ಸೊಗಸಾಗಿ ಪ್ರಬಂಧ ಬರೆಯುತ್ತಿದ್ದ ನಮ್ಮ ಹುಡುಗಿಯರಲ್ಲನೇಕರು ಗೃಹಿಣಿಯರಾದ ಮೇಲೆ ಲೇಖನಿಯನ್ನೇ ಮುಟ್ಟದಿರುವುದನ್ನು ನಾವು ಕಂಡಿದ್ದೇವೆ. “ಪುರುಸೊತ್ತಿಲ್ಲ” ಎಂಬುದೇ ಅವರ ಉತ್ತರ. ಅವರಿಗಾಗಿ ಒಂದು ನಿದರ್ಶನವನ್ನು ಹೇಳುವೆವು.

ಫ್ರಾನ್ಸೆಸ್ ಟ್ರಾಲಪ್ ಎಂಬ ಆಂಗ್ಲ ಮಹಿಳೆಯ ಮೊದಲನೆಯ ಗ್ರಂಥವು 1832ರಲ್ಲಿ ಪ್ರಕಟವಾದಾಗ ಆಕೆಯ ವಯಸ್ಸು 50ನ್ನು ಮೀರಿತ್ತು. ಸಂಸಾರವು ಸಾಲದಲ್ಲಿ ಮುಳುಗಿತ್ತು. 1834ರಲ್ಲಿ ಬೆಲ್ಜಿಯಂ ದೇಶದ ಬ್ರೂಜ್ ಪಟ್ಟಣದಲ್ಲಿ ಕ್ಷಯರೋಗಿಯಾದ ಮಗನಿಗೂ ಅಸ್ವಸ್ಥನಾದ ಪತಿಗೂ ಶುಶ್ರೂಷೆ ಮಾಡುತ್ತಲೇ, ಔಷಧದ ಸೀಸೆಗಳ ಪಕ್ಕದಲ್ಲಿ ಮಸಿಯ ಕುಡಿಕೆಯನ್ನಿಟ್ಟುಕೊಂಡು ಆಕೆ ಕಾದಂಬರಿಗಳನ್ನು ಬರೆದಳು. ಆ ವರ್ಷದ ಕೊನೆಯಲ್ಲಿ ಮಗನೂ, ಮರುವರ್ಷ ಪತಿಯೂ ತೀರಿಕೊಂಡರು. ಆದರೂ ಬರವಣಿಗೆ ನಿಲ್ಲಲಿಲ್ಲ. ಬೆಳಗಿನ ಜಾವ 4 ಗಂಟೆಗೆದ್ದು, ಮನೆಯವರು ಏಳುವುದರೊಳಗೆ ದಿನದ ಪುಟಗಳನ್ನು ಮುಗಿಸುವುದು ಆಕೆಯ ವಾಡಿಕೆ. ಹೀಗೆ ಸುಮಾರು 40 ಗ್ರಂಥಗಳಾದುವು. ಸಂಸಾರವೂ ಅದರಿಂದಲೇ ಉಳಿಯಿತು. ಅಂಚೆ ಇಲಾಖೆಯಲ್ಲಿ ಉದ್ಯೋಗದಲ್ಲಿದ್ದ ಇನ್ನೊಬ್ಬ ಮಗ ಆಂಟನಿಯೂ ತಾಯಿಯಂತೆ ಮುಂಜಾನೆಯೇ ಬರೆದು 47 ಕಾದಂಬರಿಗಳನ್ನು ರಚಿಸಿದನು.

ಆದುದರಿಂದ, ಪ್ರಿಯ ಸಹೋದರಿಯರೇ, ಒಲೆ ಹೊತ್ತಿಸುವುದಕ್ಕೆ ಮುಂಚೆ ಕಾಲು ಗಂಟೆಯನ್ನು ಗೊತ್ತುಮಾಡಿಕೊಳ್ಳಿರಿ. ನಿನ್ನೆ ಕಂಡುದನ್ನಾಗಲಿ ಕೇಳಿದುದನ್ನಾಗಲಿ ಹತ್ತು ಸಾಲು ಬರೆಯಿರಿ. ಚೆನ್ನಾಗಿದೆಯೇ ಎಂದು ಅಂದೇ ನೋಡಬೇಡಿರಿ. ತಿದ್ದುವ ಕೆಲಸ ತಿಂಗಳ ಕೊನೆಗಿರಲಿ. ಒಂದು ದಿನ ತಪ್ಪಿದರೆ ಮರುದಿನ ಮುಂದುವರಿಸಿರಿ. ತಾಯಿತಂದೆಗಳೇ, ಮಗಳು ಬರೆಯಲು ಕುಳಿತ ಆ ಕಾಲು ಗಂಟೆಯಲ್ಲಿ ದಯಮಾಡಿ ಅವಳನ್ನು ಕೆಲಸಕ್ಕೆ ಕರೆಯಬೇಡಿರಿ.