ಗಾಲ್ಫ್ ಮೈದಾನದಲ್ಲಿ ನಡೆಯುವವರ ಪಾದಗಳಿಗೆ ಎಂಥ ಶೂ ಬೇಕು?

ಗಾಲ್ಫ್ ಎಂದರೆ ಹಣವಂತರ ಆಟ, ಅದರ ಶೂಗಳ ವಿಚಾರ ನಮಗೇಕೆ ಎಂದು ನೀವು ಕೇಳಬಹುದು. ಆದರೆ ಒಂದು ಗಾಲ್ಫ್ ಮೈದಾನದಲ್ಲಿ ಬೆಳಗಿನಿಂದ ಸಂಜೆಯವರೆಗೆ ಯಾರು ಯಾರು ನಡೆಯುತ್ತಾರೆ ಎಂದು ಲೆಕ್ಕ ಹಾಕಿ ನೋಡಿ. ಆಡುವವರು ಇದ್ದಾರೆ. ಅವರ ಚೀಲ ಹೊತ್ತು ನಡೆಯುವ ಕ್ಯಾಡಿಗಳಿದ್ದಾರೆ. ಹುಲ್ಲು ಕತ್ತರಿಸುವವರು, ನೀರು ಹಾಯಿಸುವವರು, ಮರಳಿನ ಗುಂಡಿಗಳನ್ನು ಸಮ ಮಾಡುವವರು ಇದ್ದಾರೆ. 1876ರಲ್ಲಿ ಆರಂಭವಾದ ಬೆಂಗಳೂರು ಗಾಲ್ಫ್ ಕ್ಲಬ್‌ನಿಂದ ಹಿಡಿದು ಮೈಸೂರು, ಚಿಕ್ಕಮಗಳೂರು, ಮಂಗಳೂರಿನ ಪಿಲಿಕುಳದವರೆಗೆ ನಮ್ಮ ರಾಜ್ಯದಲ್ಲೇ ಇಂಥ ಮೈದಾನಗಳಿವೆ. ದುಬೈಯಲ್ಲಿ 1988ರಲ್ಲಿ ತೆರೆದ ಎಮಿರೇಟ್ಸ್ ಗಾಲ್ಫ್ ಕ್ಲಬ್‌ನ ಪ್ರಸಿದ್ಧ ಮೈದಾನದ ಹೆಸರೇ ‘ಮಜ್ಲಿಸ್’. ಕೊಲ್ಲಿಯಲ್ಲಿ ದುಡಿಯುವ ನಮ್ಮ ಕರಾವಳಿಯವರಿಗೆ ಗಾಲ್ಫ್ ಮೈದಾನ ಹೊಸ ನೋಟವೇನಲ್ಲ.

ಇವರೆಲ್ಲರಿಗೂ ಸಮಾನವಾಗಿರುವುದು ನಡಿಗೆ. ಆದ್ದರಿಂದ ಈ ಲೇಖನ ಗಾಲ್ಫ್ ಶೂಗಳ ಕುರಿತಾದರೂ, ಪ್ರತಿದಿನ ನಾಲ್ಕೈದು ಕಿಲೋಮೀಟರ್ ನಡೆಯುವ ಯಾರಿಗಾದರೂ ಇದರಲ್ಲಿ ಪ್ರಯೋಜನವಿದೆ.

ಎಷ್ಟು ನಡೆಯುತ್ತೀರಿ?

ಹದಿನೆಂಟು ಕುಳಿಗಳ ಮೈದಾನದ ಅಳತೆ ಸಾಮಾನ್ಯವಾಗಿ ಐದೂವರೆಯಿಂದ ಆರೂವರೆ ಕಿಲೋಮೀಟರ್. ಆದರೆ ಚೆಂಡು ನೇರವಾಗಿ ಹೋಗುವುದಿಲ್ಲ, ಅದರ ಹಿಂದೆ ನಡೆಯುವವರೂ ನೇರವಾಗಿ ಹೋಗುವುದಿಲ್ಲ. ಒಂದು ಆಟ ಮುಗಿಯುವಾಗ ಎಂಟರಿಂದ ಹತ್ತು ಕಿಲೋಮೀಟರ್ ನಡೆದಿರುತ್ತೀರಿ. ಇದಕ್ಕೆ ನಾಲ್ಕು ಗಂಟೆಗೂ ಹೆಚ್ಚು ಸಮಯ ಹಿಡಿಯುತ್ತದೆ. ನೆಲವೂ ರಸ್ತೆಯಂತೆ ಸಮತಟ್ಟಾಗಿರುವುದಿಲ್ಲ. ಏರು, ಇಳಿಜಾರು, ಇಬ್ಬನಿಯ ಹುಲ್ಲು, ಸಡಿಲ ಮರಳು ಎಲ್ಲವೂ ಅದರಲ್ಲಿವೆ. ಕ್ಯಾಡಿಯ ಹೆಗಲ ಮೇಲೆ ಹತ್ತರಿಂದ ಹದಿನೈದು ಕಿಲೋ ತೂಕದ ಚೀಲವೂ ಇರುತ್ತದೆ. ಕೆಲವರು ಒಂದೇ ದಿನ ಎರಡು ಆಟಗಳಿಗೆ ಹೋಗುತ್ತಾರೆ.

ಒಂದು ಪಾದದಲ್ಲಿ 26 ಮೂಳೆಗಳು ಮತ್ತು 33 ಕೀಲುಗಳಿವೆ. ಪ್ರತಿ ಹೆಜ್ಜೆಯಲ್ಲೂ ಮೊದಲು ಹಿಮ್ಮಡಿ ನೆಲ ಮುಟ್ಟುತ್ತದೆ. ಆಮೇಲೆ ಪಾದದ ಕಮಾನು ಸ್ವಲ್ಪ ತಗ್ಗಿ ಹೊಡೆತವನ್ನು ಹೀರುತ್ತದೆ. ಕೊನೆಗೆ ಹೆಬ್ಬೆರಳಿನ ಬುಡ ನೆಲವನ್ನು ಒತ್ತಿ ದೇಹವನ್ನು ಮುಂದಕ್ಕೆ ದೂಡುತ್ತದೆ. ಈ ಮೂರು ಕೆಲಸಗಳಿಗೆ ಅಡ್ಡಿಯಾಗದೆ ಆಸರೆ ಕೊಡುವ ಶೂ ಒಳ್ಳೆಯದು. ಅಡ್ಡಿಪಡಿಸುವ ಶೂ ಎಷ್ಟು ಬೆಲೆಯದ್ದಾದರೂ ಕೆಟ್ಟದ್ದು.

ಯುನಾನಿಯ ದೃಷ್ಟಿ

ಯುನಾನಿ ವೈದ್ಯಶಾಸ್ತ್ರವು ಆರೋಗ್ಯಕ್ಕೆ ಅನಿವಾರ್ಯವಾದ ಆರು ಕಾರಣಗಳನ್ನು, ಅಂದರೆ ‘ಅಸ್ಬಾಬೆ ಸಿತ್ತಾ ಝರೂರಿಯಾ’ವನ್ನು ಹೇಳುತ್ತದೆ. ಗಾಳಿ, ಅನ್ನಪಾನ, ದೇಹದ ಚಲನೆ ಮತ್ತು ವಿಶ್ರಾಂತಿ, ಮನಸ್ಸಿನ ಚಲನೆ ಮತ್ತು ವಿಶ್ರಾಂತಿ, ನಿದ್ರೆ ಮತ್ತು ಎಚ್ಚರ, ವಿಸರ್ಜನೆ ಮತ್ತು ಧಾರಣೆ ಎಂಬವೇ ಆ ಆರು. ಮೂರನೆಯದನ್ನು ಗಮನಿಸಿ. ಅಲ್ಲಿ ಚಲನೆ ಮತ್ತು ವಿಶ್ರಾಂತಿಯನ್ನು ಒಟ್ಟಿಗೆ ಹೇಳಲಾಗಿದೆ. ನಡಿಗೆ ಒಳ್ಳೆಯ ‘ರಿಯಾಝತ್’, ಅಂದರೆ ವ್ಯಾಯಾಮ. ಆದರೆ ಅಳತೆ ಮೀರಿದರೆ ಮತ್ತು ಅಂಗಕ್ಕೆ ನೋವಾಗುವಂತೆ ಮಾಡಿದರೆ ಅದೇ ವ್ಯಾಯಾಮ ರೋಗಕ್ಕೆ ದಾರಿಯಾಗುತ್ತದೆ. ಇಬ್ನ್ ಸೀನಾ ತಮ್ಮ ‘ಅಲ್ ಕಾನೂನ್’ ಗ್ರಂಥದಲ್ಲಿ ವ್ಯಾಯಾಮ ಮತ್ತು ಅಂಗಮರ್ದನದ ಜೊತೆಗೆ ಪ್ರಯಾಣಿಕರ ಆರೋಗ್ಯಪಾಲನೆಗೂ ಜಾಗ ಕೊಟ್ಟಿದ್ದಾರೆ.

ಅಂಗಡಿಯಲ್ಲಿ ಗಮನಿಸಬೇಕಾದುದು

ಮೊದಲನೆಯದಾಗಿ, ಶೂ ಕೊಳ್ಳಲು ಸಂಜೆ ಹೋಗಿ. ದಿನವಿಡೀ ನಿಂತು ನಡೆದ ಪಾದ ಸ್ವಲ್ಪ ಊದಿಕೊಂಡಿರುತ್ತದೆ. ಬೆಳಿಗ್ಗೆ ಸರಿಯಾಗಿದ್ದ ಶೂ ಮೂರನೆಯ ಗಂಟೆಯ ನಡಿಗೆಯಲ್ಲಿ ಬಿಗಿಯುವುದು ಇದೇ ಕಾರಣದಿಂದ. ಮೈದಾನದಲ್ಲಿ ಹಾಕುವ ಕಾಲುಚೀಲವನ್ನೇ ಹಾಕಿಕೊಂಡು ಶೂ ತೊಟ್ಟು ನೋಡಿ.

ಎರಡನೆಯದಾಗಿ, ಎರಡೂ ಪಾದಗಳನ್ನು ನಿಂತುಕೊಂಡೇ ಅಳೆಯಿಸಿ. ಹೆಚ್ಚಿನವರ ಒಂದು ಪಾದ ಇನ್ನೊಂದಕ್ಕಿಂತ ತುಸು ದೊಡ್ಡದು. ದೊಡ್ಡ ಪಾದಕ್ಕೆ ಒಪ್ಪುವ ಅಳತೆಯನ್ನೇ ಕೊಳ್ಳಿ. ‘ನಾನು ಯಾವಾಗಲೂ ಎಂಟು ನಂಬರ್’ ಎಂಬ ಮಾತನ್ನು ಬಿಟ್ಟುಬಿಡಿ. ನಂಬರ್ ಕಂಪನಿಯಿಂದ ಕಂಪನಿಗೆ ಬೇರೆಯಾಗುತ್ತದೆ, ವಯಸ್ಸಾದಂತೆ ಪಾದವೂ ಅಗಲವಾಗುತ್ತದೆ.

ಮೂರನೆಯದಾಗಿ, ಅತಿ ಉದ್ದದ ಬೆರಳಿನ ಮುಂದೆ ಸುಮಾರು ಒಂದು ಸೆಂಟಿಮೀಟರ್ ಜಾಗ ಇರಬೇಕು. ಕೆಲವರಲ್ಲಿ ಎರಡನೆಯ ಬೆರಳೇ ಹೆಚ್ಚು ಉದ್ದ ಇರುತ್ತದೆ, ಅದನ್ನೂ ನೋಡಿಕೊಳ್ಳಿ. ಜಾಗ ಇಲ್ಲದಿದ್ದರೆ ಇಳಿಜಾರಿನಲ್ಲಿ ಇಳಿಯುವಾಗ ಬೆರಳು ಶೂವಿನ ತುದಿಗೆ ಬಡಿದು ಉಗುರಿನ ಕೆಳಗೆ ರಕ್ತ ಕಟ್ಟಿ ಕಪ್ಪಾಗುತ್ತದೆ. ಬೆರಳುಗಳು ಒಳಗೆ ಸಲೀಸಾಗಿ ಅಲುಗಾಡಬೇಕು. ಹಿಮ್ಮಡಿ ಮಾತ್ರ ಮೇಲೆ ಕೆಳಗೆ ಜಾರಬಾರದು.

ನಾಲ್ಕನೆಯದಾಗಿ, ಶೂವನ್ನು ಕೈಯಲ್ಲಿ ಹಿಡಿದು ಮೂರು ಪರೀಕ್ಷೆ ಮಾಡಿ. ಹಿಮ್ಮಡಿಯ ಹಿಂಭಾಗವನ್ನು ಹೆಬ್ಬೆರಳಿನಿಂದ ಒತ್ತಿ, ಅದು ಸುಲಭವಾಗಿ ಕುಸಿಯಬಾರದು. ಮುಂಭಾಗವನ್ನು ಮೇಲಕ್ಕೆ ಬಗ್ಗಿಸಿ, ಬೆರಳುಗಳ ಬುಡ ಇರುವಲ್ಲಿ ಮಾತ್ರ ಬಾಗಬೇಕು, ನಡುವಿನಲ್ಲಿ ಮಡಚಬಾರದು. ಎರಡೂ ತುದಿ ಹಿಡಿದು ಬಟ್ಟೆ ಹಿಂಡುವಂತೆ ತಿರುಚಿ, ಸ್ವಲ್ಪ ತಿರುಗಬಹುದು, ಹಗ್ಗದಂತೆ ಸುತ್ತಿಕೊಳ್ಳಬಾರದು. ಈ ಮೂರರಲ್ಲಿ ಸೋತ ಶೂ ಒಳಗೆ ಎಷ್ಟು ಮೆತ್ತಗಿದ್ದರೂ ಆಸರೆ ಕೊಡುವುದಿಲ್ಲ. ಮೆತ್ತನೆ ಬೇರೆ, ಆಸರೆ ಬೇರೆ. ಗ್ರಾಹಕರು ಹೆಚ್ಚಾಗಿ ಮೋಸಹೋಗುವುದು ಇಲ್ಲಿಯೇ.

ಓಟದ ಶೂ ಸಾಲದೇ?

ಬರೇ ನಡೆಯುವವರಿಗೆ ಸಾಕು. ಆದರೆ ಆಡುವವರಿಗೆ ಒಂದು ಬೇರೆ ಅಗತ್ಯವಿದೆ. ಬಲಗೈ ಆಟಗಾರ ಕೋಲು ಬೀಸಿದಾಗ ದೇಹದ ಭಾರವೆಲ್ಲ ಎಡಪಾದಕ್ಕೆ ಬಂದು ಅದರ ಹೊರ ಅಂಚಿನ ಕಡೆಗೆ ಉರುಳುತ್ತದೆ. ಬಲ ಹಿಮ್ಮಡಿ ಎದ್ದು ಬೆರಳುಗಳ ಮೇಲೆ ತಿರುಗುತ್ತದೆ. ಓಟದ ಶೂ ಮುಂದಕ್ಕೆ ಹೋಗುವುದಕ್ಕಾಗಿ ಮಾಡಿದ್ದು. ಅದರ ದಪ್ಪ, ಮೃದು ಅಡಿ ಪಕ್ಕಕ್ಕೆ ಬೀಳುವ ಭಾರವನ್ನು ಸರಿಯಾಗಿ ತಡೆಯಲಾರದು. ಒದ್ದೆ ಹುಲ್ಲಿನಲ್ಲಿ ಜಾರುತ್ತದೆ, ಕಣಕಾಲು ಉಳುಕುತ್ತದೆ. ಗಾಲ್ಫ್ ಶೂವಿನ ಅಡಿ ಅಗಲವಾಗಿ, ಪಕ್ಕಗಳು ಗಟ್ಟಿಯಾಗಿ ಇರುವುದು ಇದಕ್ಕಾಗಿ.

ಹಿಂದೆ ಗಾಲ್ಫ್ ಶೂಗಳ ಅಡಿಯಲ್ಲಿ ಲೋಹದ ಮುಳ್ಳುಗಳಿರುತ್ತಿದ್ದವು. ಅವು ಹುಲ್ಲನ್ನು ಹಾಳು ಮಾಡುತ್ತವೆ ಎಂಬ ಕಾರಣಕ್ಕೆ 1990ರ ದಶಕದಲ್ಲಿ ಮೃದು ಪ್ಲಾಸ್ಟಿಕ್ ಮುಳ್ಳುಗಳು ಬಂದವು. ಈಗ ಮುಳ್ಳಿಲ್ಲದೆ ರಬ್ಬರಿನ ಸಣ್ಣ ಗುಬುಟುಗಳಿರುವ ಶೂಗಳೂ ಸಿಗುತ್ತವೆ. ಯಾವುದು ಒಳ್ಳೆಯದು? ಮಳೆಗಾಲದ ಮಲೆನಾಡು, ಕರಾವಳಿಯ ಇಳಿಜಾರುಗಳಲ್ಲಿ ಮುಳ್ಳಿನದ್ದು ಗಟ್ಟಿ ಹಿಡಿತ ಕೊಡುತ್ತದೆ. ಒಣ, ಗಟ್ಟಿ ನೆಲದಲ್ಲಿ ಗುಬುಟಿನದ್ದೇ ಹಿತ, ಏಕೆಂದರೆ ಒತ್ತಡ ಇಡೀ ಪಾದಕ್ಕೆ ಹಂಚಿಹೋಗುತ್ತದೆ. ಮುಳ್ಳಿನ ಶೂ ತೊಟ್ಟಾಗ ಅಡಿಯಲ್ಲಿ ಒಂದೊಂದು ಬಿಂದು ಒತ್ತಿದಂತೆ ಅನಿಸಿದರೆ ಅದನ್ನು ಕೊಳ್ಳಬೇಡಿ. ಹತ್ತು ಕಿಲೋಮೀಟರ್ ನಡೆದ ಮೇಲೆ ಆ ಬಿಂದುಗಳೇ ನೋವಾಗುತ್ತವೆ.

ನೀರು ಒಳಬಾರದ ಶೂಗಳ ಬಗ್ಗೆಯೂ ಒಂದು ಮಾತು. ಇಬ್ಬನಿ ಮತ್ತು ಮಳೆಗೆ ಅವು ಬೇಕು. ಆದರೆ ಹೊರಗಿನ ನೀರನ್ನು ತಡೆಯುವ ಪದರ ಒಳಗಿನ ಬೆವರನ್ನೂ ಸ್ವಲ್ಪ ತಡೆಯುತ್ತದೆ. ಬೇಸಿಗೆಯಲ್ಲಿ, ಕೊಲ್ಲಿಯ ಸೆಕೆಯಲ್ಲಿ ಗಾಳಿಯಾಡುವ ಜಾಲರಿ ಬಟ್ಟೆಯ ಶೂ ಮೇಲು.

ಕಾಲುಚೀಲ, ಬೆವರು, ಬೊಕ್ಕೆ

ಬೊಕ್ಕೆ ಏಳುವುದಕ್ಕೆ ಉಜ್ಜುವಿಕೆ, ಶಾಖ ಮತ್ತು ತೇವ ಮೂರೂ ಕಾರಣ. ಹತ್ತಿಯ ಕಾಲುಚೀಲ ಬೆವರನ್ನು ಹೀರಿ ತನ್ನಲ್ಲೇ ಇಟ್ಟುಕೊಳ್ಳುತ್ತದೆ. ದೀರ್ಘ ನಡಿಗೆಗೆ ನಯವಾದ ಉಣ್ಣೆ ಅಥವಾ ಕೃತಕ ನೂಲು ಬೆರೆತ ಕಾಲುಚೀಲ ಒಳ್ಳೆಯದು. ಇನ್ನೊಂದು ಜೊತೆಯನ್ನು ಚೀಲದಲ್ಲಿಟ್ಟುಕೊಂಡು ಒಂಬತ್ತು ಕುಳಿಗಳಾದ ಮೇಲೆ ಬದಲಿಸಿದರೆ ಅರ್ಧ ತೊಂದರೆ ತಪ್ಪುತ್ತದೆ.

ವುಝೂ ಮಾಡುವಾಗ ಬೆರಳುಗಳ ಸಂದಿಗಳನ್ನೂ ತೊಳೆಯುವುದು ನಮ್ಮ ರೂಢಿ. ಪಾದಗಳ ಶುಚಿತ್ವಕ್ಕೆ ಇದಕ್ಕಿಂತ ಒಳ್ಳೆಯ ಅಭ್ಯಾಸವಿಲ್ಲ. ಆದರೆ ಅವಸರದಲ್ಲಿ ಒದ್ದೆ ಪಾದಕ್ಕೇ ಕಾಲುಚೀಲ ಏರಿಸಿ ಶೂ ಹಾಕಿಕೊಳ್ಳುವವರು ಬಹಳ. ತೇವ ಮತ್ತು ಕತ್ತಲೆ ಸೇರಿದ ಬೆರಳ ಸಂದಿಗಳಲ್ಲಿ ಶಿಲೀಂಧ್ರ ಬೆಳೆದು ಚರ್ಮ ಬಿಳಿಚಿ, ಬಿರಿದು, ತುರಿಸುತ್ತದೆ. ಜೇಬಿನಲ್ಲಿ ಸಣ್ಣ ಬಟ್ಟೆಯೊಂದನ್ನು ಇಟ್ಟುಕೊಂಡು ಪ್ರತಿ ಸಂದಿಯನ್ನೂ ಒರೆಸಿದ ಮೇಲೆಯೇ ಕಾಲುಚೀಲ ಹಾಕಿ. ನೆನೆದ ಶೂವನ್ನು ಬಿಸಿಲಿಗೋ ಬೆಂಕಿಗೋ ಹಿಡಿಯಬೇಡಿ. ಒಳಗೆ ಹಳೆಯ ಪತ್ರಿಕೆ ತುಂಬಿ ಗಾಳಿಯಲ್ಲಿ ಒಣಗಿಸಿ. ಸಾಧ್ಯವಿದ್ದರೆ ಎರಡು ಜೊತೆ ಇಟ್ಟುಕೊಂಡು ದಿನ ಬಿಟ್ಟು ದಿನ ಬಳಸಿ.

ಸಕ್ಕರೆ ಕಾಯಿಲೆ ಇರುವವರೇ, ಇದನ್ನು ಎರಡು ಬಾರಿ ಓದಿ

ನಡೆಯಿರಿ ಎಂದು ವೈದ್ಯರು ಹೇಳಿದ್ದಾರೆ, ನೀವು ನಡೆಯುತ್ತಿದ್ದೀರಿ, ಸಂತೋಷ. ಆದರೆ ವರ್ಷಗಟ್ಟಲೆ ಸಕ್ಕರೆ ಹೆಚ್ಚಿದ್ದರೆ ಪಾದದ ನರಗಳು ಮಂದವಾಗುತ್ತವೆ. ಶೂವಿನೊಳಗೆ ಒಂದು ಕಲ್ಲು ಹರಳು ಸೇರಿದರೂ ತಿಳಿಯುವುದಿಲ್ಲ. ನೋವು ದೇಹದ ಕಾವಲುಗಾರ, ಆ ಕಾವಲುಗಾರ ನಿದ್ದೆ ಹೋದ ಮನೆಯಂತೆ ನಿಮ್ಮ ಪಾದ. ಸಣ್ಣ ಬೊಕ್ಕೆ ಹುಣ್ಣಾಗುತ್ತದೆ, ಹುಣ್ಣು ಕೀವಾಗುತ್ತದೆ, ರಕ್ತಸಂಚಾರ ಕಡಿಮೆಯಿದ್ದರೆ ಮಾಯುವುದಿಲ್ಲ. ಬೆರಳು ಅಥವಾ ಕಾಲನ್ನೇ ಕತ್ತರಿಸಬೇಕಾದ ಎಷ್ಟೋ ಪ್ರಕರಣಗಳು ಹೀಗೆ ಸಣ್ಣ ಗಾಯದಿಂದಲೇ ಶುರುವಾದವು.

ನೀವು ಮಾಡಬೇಕಾದುದು ಇಷ್ಟು. ಶೂ ಹಾಕುವ ಮೊದಲು ಕೈ ಒಳಗೆ ಹಾಕಿ ತಡವಿ ನೋಡಿ. ಹೊಲಿಗೆ ಒತ್ತದ ಕಾಲುಚೀಲ ಹಾಕಿ. ಮೈದಾನದಿಂದ ಬಂದ ಮೇಲೆ ಪಾದದ ಅಡಿಯನ್ನು ಕನ್ನಡಿಯಲ್ಲಿ ನೋಡಿ ಅಥವಾ ಮನೆಯವರಿಗೆ ತೋರಿಸಿ. ವರ್ಷಕ್ಕೊಮ್ಮೆಯಾದರೂ ವೈದ್ಯರಲ್ಲಿ ಪಾದದ ಸ್ಪರ್ಶ ಪರೀಕ್ಷೆ ಮಾಡಿಸಿ. ಬಿಸಿನೀರಿನಲ್ಲಿ ಕಾಲು ಅದ್ದಬೇಡಿ, ಆಣಿಯನ್ನು ಬ್ಲೇಡಿನಿಂದ ಕೊಯ್ಯಬೇಡಿ. ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಮಾತ್ರೆ ತೆಗೆದುಕೊಳ್ಳುವವರು ನಾಲ್ಕು ಗಂಟೆಯ ನಡಿಗೆಗೆ ಹೊರಡುವಾಗ ಜೇಬಿನಲ್ಲಿ ಸ್ವಲ್ಪ ಸಕ್ಕರೆ ಅಥವಾ ಗ್ಲೂಕೋಸ್ ಇಟ್ಟುಕೊಳ್ಳಲೇಬೇಕು. ಪಾದದಲ್ಲಿ ಹುಣ್ಣು ಕಂಡರೆ ಮನೆಮದ್ದು ಬೇಡ, ಯುನಾನಿ ಲೇಪವೂ ಬೇಡ, ಅದೇ ದಿನ ಆಸ್ಪತ್ರೆಗೆ ಹೋಗಿ. ಯುನಾನಿ ವೈದ್ಯನಾಗಿಯೇ ಈ ಮಾತನ್ನು ಹೇಳುತ್ತಿದ್ದೇನೆ.

ಕ್ಯಾಡಿಯ ಕಾಲಿನ ಶೂ

ಆಟಗಾರರು ತಮ್ಮ ಹಳೆಯ ಶೂಗಳನ್ನು ಕ್ಯಾಡಿಗಳಿಗೆ ಕೊಡುವುದುಂಟು. ಉದ್ದೇಶ ಒಳ್ಳೆಯದೇ. ಆದರೆ ಸವೆದ ಶೂವಿನೊಳಗೆ ಇನ್ನೊಬ್ಬರ ಪಾದದ ಅಚ್ಚು ಇರುತ್ತದೆ. ಅವರ ಹಿಮ್ಮಡಿ ಎತ್ತ ವಾಲುತ್ತಿತ್ತೋ ಅತ್ತಲೇ ಅಡಿ ಸವೆದಿರುತ್ತದೆ. ಅದನ್ನು ಧರಿಸಿ ಹದಿನೈದು ಕಿಲೋ ಹೊತ್ತು ನಡೆಯುವವನ ಪಾದವೂ ಅತ್ತಲೇ ವಾಲುತ್ತದೆ. ಆಮೇಲೆ ಮೊಣಕಾಲು, ಸೊಂಟಗಳ ನೋವು. ಅಳತೆ ಬೇರೆಯಾದರಂತೂ ಮುಂಭಾಗಕ್ಕೆ ಬಟ್ಟೆ ತುರುಕಿ ಹಾಕಿಕೊಳ್ಳುವವರಿದ್ದಾರೆ.

ನಮ್ಮ ಶಿಬಿರಗಳಿಗೆ ಬರುವ ದುಡಿಯುವ ಜನರಲ್ಲಿ ಬೆಳಿಗ್ಗೆ ಹಾಸಿಗೆಯಿಂದ ಇಳಿದ ಮೊದಲ ಹೆಜ್ಜೆಗೇ ಹಿಮ್ಮಡಿಯಲ್ಲಿ ಚುಚ್ಚಿದಂತಾಗುತ್ತದೆ ಎನ್ನುವವರು ಬಹಳ. ಇದು ಅಂಗಾಲಿನ ತಂತುಪೊರೆಯ ಉರಿಯೂತ. ಚಪ್ಪಟೆ ಚಪ್ಪಲಿ, ಸವೆದ ಶೂ, ಹೆಚ್ಚಿನ ಹೊರೆ ಇದರ ಮುಖ್ಯ ಕಾರಣಗಳು. ಕಾಲು ನೊಂದರೆ ಕೂಲಿಯೇ ನಿಲ್ಲುವವನಿಗೆ ಶೂ ಅಲಂಕಾರವಲ್ಲ, ದುಡಿಮೆಯ ಸಲಕರಣೆ. ನಿಮ್ಮ ಚೀಲ ಹೊರುವವನಿಗೆ ಏನಾದರೂ ಕೊಡಬೇಕೆನಿಸಿದರೆ ಅವನನ್ನೇ ಅಂಗಡಿಗೆ ಕಳುಹಿಸಿ, ಅವನ ಪಾದದ ಅಳತೆಗೆ ಹೊಸದನ್ನೇ ಕೊಡಿಸಿ. ದುಬಾರಿ ಬ್ರಾಂಡ್ ಬೇಕಾಗಿಲ್ಲ. ಮೇಲೆ ಹೇಳಿದ ಮೂರು ಪರೀಕ್ಷೆಗಳಲ್ಲಿ ಗೆದ್ದ ಸಾಧಾರಣ ನಡಿಗೆಯ ಶೂ ಸಾಕು.

ಪಳಗಿಸುವುದು, ಆರೈಕೆ, ಬದಲಾವಣೆ

ಹೊಸ ಶೂವನ್ನು ನೇರವಾಗಿ ಹದಿನೆಂಟು ಕುಳಿಗಳಿಗೆ ಒಯ್ಯಬೇಡಿ. ಮೊದಲು ಮನೆಯೊಳಗೆ ದಿನಕ್ಕೆ ಒಂದೆರಡು ಗಂಟೆ ಹಾಕಿ, ಮತ್ತೆ ಒಂಬತ್ತು ಕುಳಿಗಳು, ಅನಂತರ ಪೂರ್ತಿ ಆಟ. ‘ಹಾಕುತ್ತಾ ಹಾಕುತ್ತಾ ಸಡಿಲವಾಗುತ್ತದೆ’ ಎಂದು ಅಂಗಡಿಯವನು ಹೇಳಿದರೆ ನಂಬಬೇಡಿ. ಚರ್ಮ ತುಸು ಹಿಗ್ಗಬಹುದು, ಆದರೆ ಉದ್ದ ಹೆಚ್ಚಾಗುವುದಿಲ್ಲ.

ವ್ಯಾಯಾಮದ ಮೊದಲು ಮತ್ತು ನಂತರ ‘ದಲಕ್’, ಅಂದರೆ ಅಂಗಮರ್ದನ ಮಾಡಬೇಕೆಂಬುದು ಯುನಾನಿಯ ಹಳೆಯ ನಿಯಮ. ಮೊದಲಿನದ್ದು ಅಂಗವನ್ನು ಸಿದ್ಧಗೊಳಿಸುತ್ತದೆ, ನಂತರದ್ದು ಆಯಾಸ ಕಳೆಯುತ್ತದೆ. ರಾತ್ರಿ ಐದು ನಿಮಿಷ ಆಲಿವ್ ಎಣ್ಣೆಯಿಂದ ಹಿಮ್ಮಡಿಯಿಂದ ಬೆರಳುಗಳ ಕಡೆಗೆ, ಆಮೇಲೆ ಮೀನಖಂಡಗಳನ್ನು ಹಗುರವಾಗಿ ತಿಕ್ಕಿ. ಬೆರಳ ಸಂದಿಗಳಿಗೆ ಎಣ್ಣೆ ಹಚ್ಚಬೇಡಿ. ಗೋಡೆಗೆ ಕೈಯಿಟ್ಟು ಒಂದು ಕಾಲು ಹಿಂದಿಟ್ಟು ಮೀನಖಂಡವನ್ನು ಅರ್ಧ ನಿಮಿಷ ಎಳೆಯುವುದೂ ಒಳ್ಳೆಯದು.

ಓಟದ ಶೂಗಳ ಒಳಪದರ ಸಾಮಾನ್ಯವಾಗಿ 500ರಿಂದ 800 ಕಿಲೋಮೀಟರ್‌ಗಳಲ್ಲಿ ಸತ್ವ ಕಳೆದುಕೊಳ್ಳುತ್ತದೆ ಎನ್ನುತ್ತಾರೆ. ಅದೇ ಲೆಕ್ಕ ಹಿಡಿದರೆ, ವಾರಕ್ಕೆ ಒಮ್ಮೆ ಆಡುವವರಿಗೆ ಒಂದು ಜೊತೆ ವರ್ಷದ ಮೇಲೆ ಬರುತ್ತದೆ. ದಿನವೂ ನಡೆಯುವ ಕ್ಯಾಡಿಗೆ ಎರಡು ಮೂರು ತಿಂಗಳಲ್ಲೇ ಮುಗಿಯಬಹುದು. ಮೇಲ್ಭಾಗ ಹೊಳೆಯುತ್ತಿದ್ದರೂ ಮೇಜಿನ ಮೇಲಿಟ್ಟಾಗ ಶೂ ಒಂದು ಬದಿಗೆ ವಾಲಿದರೆ, ಅಥವಾ ಹಿಂದೆ ಇಲ್ಲದ ಮೊಣಕಾಲು ನೋವು ನಡೆದ ಮೇಲೆ ಕಾಣಿಸಿಕೊಂಡರೆ ಬದಲಿಸುವ ಕಾಲ ಬಂದಿದೆ ಎಂದು ತಿಳಿಯಿರಿ.

ಮೂರು ವಾರ ಕಳೆದರೂ ಹಿಮ್ಮಡಿ ನೋವು ಇಳಿಯದಿದ್ದರೆ, ಪಾದದಲ್ಲಿ ಜೋಮು ಅಥವಾ ಉರಿ ಇದ್ದರೆ, ಒಂದೇ ಕಾಲು ಊದಿಕೊಂಡರೆ ಶೂ ಬದಲಿಸಿ ಸುಮ್ಮನಾಗಬೇಡಿ, ವೈದ್ಯರನ್ನು ಕಾಣಿ. ಇಂದು ರಾತ್ರಿ ಮಲಗುವ ಮೊದಲು ನಿಮ್ಮ ಶೂಗಳನ್ನು ಮೇಜಿನ ಮೇಲಿಟ್ಟು ಹಿಂದಿನಿಂದ ಒಮ್ಮೆ ನೋಡಿ. ಆಮೇಲೆ ಮನೆಯಲ್ಲಿ ನಡೆದು ದುಡಿಯುವವರ ಶೂಗಳನ್ನೂ ನೋಡಿ.