ಎಣ್ಣೆಯ ಅನ್ನ ಉಂಡವನ ಕಿವಿಮಾತು

ಮಗಳೇ,

ಮುಂದಿನ ತಿಂಗಳು ನೀನು ಅಲಾಸ್ಕಾದ ಫೇರ್‌ಬ್ಯಾಂಕ್ಸ್‌ಗೆ ಹೊರಡುತ್ತೀಯ, ಪೆಟ್ರೋಲಿಯಂ ಎಂಜಿನಿಯರಿಂಗ್ ಓದಲು. ಮೊನ್ನೆ ಊಟಕ್ಕೆ ಕೂತಾಗ ನಿನ್ನ ತಮ್ಮ ಕೇಳಿದ: "ಧ್ರುವದ ಸಮುದ್ರದಲ್ಲಿ ಎಣ್ಣೆ ತೆಗೆಯೋದೇ ಬೇಡ ಅಂತಿದ್ದಾರೆ, ಅಕ್ಕ ಅದನ್ನೇ ಕಲಿಯೋಕೆ ಹೋಗ್ತಿದ್ದಾಳಲ್ಲ ದೊಡ್ಡಪ್ಪ?" ನೀನು ತಟ್ಟೆ ನೋಡುತ್ತ ಸುಮ್ಮನಾದೆ. ನಾನೂ ಆಗ ಏನೂ ಹೇಳಲಿಲ್ಲ. ಒಂದು ಊಟದಲ್ಲಿ ಹೇಳಿ ಮುಗಿಸುವ ಮಾತು ಅದಲ್ಲ.

ನಾನು 26 ವರ್ಷ ಬಾಂಬೆ ಹೈನ ರಿಗ್ಗುಗಳ ಮೇಲೆ ದುಡಿದವನು. ಹದಿನಾಲ್ಕು ದಿನ ಸಮುದ್ರ, ಹದಿನಾಲ್ಕು ದಿನ ಮನೆ. ಈ ಮನೆಯ ಮಾಡು, ನಿನ್ನ ಅತ್ತೆಯರ ಮದುವೆ, ನಿನ್ನಪ್ಪನ ಓದು ಎಲ್ಲವೂ ಎಣ್ಣೆಯ ದುಡ್ಡಿನದು. ಆ ಅನ್ನ ಉಂಡವನು ಎಣ್ಣೆಯ ವಿರುದ್ಧ ಬಾಯಿ ತೆರೆಯುವಾಗ ಋಣ ನೆನಪಾಗುತ್ತದೆ. ಆದರೂ ಹೇಳುತ್ತೇನೆ, ಧ್ರುವದ ನೀರಿನಲ್ಲಿ ಬಾವಿ ಕೊರೆಯಬಾರದು. ಇದರ ಜೊತೆಗೆ ಇನ್ನೊಂದು ಮಾತನ್ನೂ ಹೇಳದಿದ್ದರೆ ಮೊದಲನೆಯದು ಅರ್ಧ ನ್ಯಾಯವೇ ಆಗುತ್ತದೆ. ಬೇಡ ಎಂದದ್ದರ ಭಾರ ಯಾರ ಮನೆಯ ಮೇಲೆ ಬೀಳುತ್ತದೋ, ಆ ಮನೆಯ ಹೊಣೆಯೂ ಬೇಡ ಎಂದವರದೇ.

ಯಾಕೆ ಕೊರೆಯಬಾರದು ಎಂಬುದನ್ನು ರಿಗ್ಗಿನವನಾಗಿ ಹೇಳುತ್ತೇನೆ. ಬಾಂಬೆ ಹೈ ಇರುವುದು ಮುಂಬೈಯಿಂದ ಸುಮಾರು 160 ಕಿಲೋಮೀಟರ್ ದೂರದಲ್ಲಿ. ಏನೇ ಆದರೂ ಹೆಲಿಕಾಪ್ಟರ್ ಬರುತ್ತದೆ, ಹಡಗು ಬರುತ್ತದೆ ಎಂಬ ಧೈರ್ಯ ನಮಗಿತ್ತು. ಅಲಾಸ್ಕಾದ ಉತ್ತರಕ್ಕಿರುವ ಚುಕ್ಚಿ ಸಮುದ್ರದಲ್ಲಿ ಆ ಧೈರ್ಯವಿಲ್ಲ. ಕರಾವಳಿ ಕಾವಲು ಪಡೆಯ ದೊಡ್ಡ ನೆಲೆ ಇರುವ ಕೋಡಿಯಾಕ್ ಅಲ್ಲಿಂದ ಸುಮಾರು 1,500 ಕಿಲೋಮೀಟರ್. ಹಿಮಗಡ್ಡೆ ದಾರಿ ಬಿಡುವುದು ವರ್ಷಕ್ಕೆ ಕೆಲವೇ ತಿಂಗಳು. ಬಾವಿ ಹಿಡಿತ ತಪ್ಪಿ ಬ್ಲೋಔಟ್ ಆದರೆ ಅದನ್ನು ಅಡಗಿಸಲು ಪಕ್ಕದಲ್ಲಿ ಇನ್ನೊಂದು ಬಾವಿ ಕೊರೆಯಬೇಕಾಗಬಹುದು. 2010ರಲ್ಲಿ ಮೆಕ್ಸಿಕೋ ಕೊಲ್ಲಿಯ ಬೆಚ್ಚಗಿನ ನೀರಿನಲ್ಲಿ, ಹಡಗುಗಳ ಹಿಂಡೇ ನಿಂತಿದ್ದರೂ, ಹಿಡಿತ ತಪ್ಪಿದ ಬಾವಿಯಿಂದ ಎಣ್ಣೆ 87 ದಿನ ಹರಿಯಿತು. ಚುಕ್ಚಿಯಲ್ಲಿ ಸೆಪ್ಟೆಂಬರ್‌ನಲ್ಲಿ ಹೀಗಾದರೆ ಎರಡನೆಯ ಬಾವಿ ಮುಗಿಯುವ ಮೊದಲೇ ಸಮುದ್ರ ಹೆಪ್ಪುಗಟ್ಟಬಹುದು. ಗಡ್ಡೆಯ ಅಡಿಗೆ ಸೇರಿದ ಎಣ್ಣೆಯನ್ನು ತೆಗೆಯುವ ನಂಬಬಹುದಾದ ಉಪಾಯ ಯಾರ ಬಳಿಯೂ ಇಲ್ಲ.

ಶೆಲ್ ಕಂಪನಿ ಅಲ್ಲಿ ಸುಮಾರು 700 ಕೋಟಿ ಡಾಲರ್ ಸುರಿಯಿತು. 2012ರ ಡಿಸೆಂಬರ್ 31ರಂದು ಅದರ 'ಕುಲುಕ್' ರಿಗ್ಗನ್ನು ಎಳೆದೊಯ್ಯುತ್ತಿದ್ದಾಗ ಬಿರುಗಾಳಿಗೆ ಹಗ್ಗ ಕಿತ್ತು, ಅದು ಕೋಡಿಯಾಕ್ ಬಳಿಯ ದಡಕ್ಕೆ ಅಪ್ಪಳಿಸಿತು. ಅದಕ್ಕೂ ಮುನ್ನ ಅದರ ಮೇಲಿದ್ದ 18 ಜನರನ್ನು ಹೆಲಿಕಾಪ್ಟರ್‌ನಿಂದ ಎತ್ತಿಕೊಂಡಿದ್ದರು. ಆ ಚಿತ್ರ ನೋಡಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಹಾಗೆ ಎತ್ತಿಸಿಕೊಳ್ಳಲು ಕಾಯುವುದೆಂದರೆ ಏನೆಂದು ರಿಗ್ಗಿನ ಮೇಲೆ ಮಲಗಿ ಎದ್ದವರಿಗೆ ಗೊತ್ತು. 2015ರಲ್ಲಿ ಒಂದು ಬಾವಿ ಕೊರೆದು, ಲಾಭಕ್ಕೆ ಸಾಲುವಷ್ಟು ಎಣ್ಣೆ ಕಾಣದೆ ಕಂಪನಿ ಹಿಂದಿರುಗಿತು.

ಎಣ್ಣೆ ಚೆಲ್ಲಿದರೆ ಬಡವರ ಪಾಡು ಏನಾಗುತ್ತದೆಂದು ಅಲಾಸ್ಕಾದವರು ಕಂಡಿದ್ದಾರೆ. 1989ರ ಮಾರ್ಚ್ 24ರಂದು 'ಎಕ್ಸಾನ್ ವಾಲ್ಡೀಸ್' ಎಂಬ ತೈಲ ಹಡಗು ಬಂಡೆಗೆ ತಾಗಿ ನಾಲ್ಕು ಕೋಟಿ ಲೀಟರಿಗೂ ಹೆಚ್ಚು ಕಚ್ಚಾ ಎಣ್ಣೆ ಚೆಲ್ಲಿತು. ಸುಮಾರು 2,100 ಕಿಲೋಮೀಟರ್ ದಡ ಕಪ್ಪಾಯಿತು. ಅದು ಬಾವಿಯ ತಪ್ಪಲ್ಲ, ಹಡಗಿನ ತಪ್ಪು. ಆದರೆ ಮೀನಿಗೆ ಆ ಭೇದ ಗೊತ್ತಿಲ್ಲ. ನಾಲ್ಕು ವರ್ಷದ ಮೇಲೆ ಅಲ್ಲಿನ ಹೆರಿಂಗ್ ಮೀನು ಕುಸಿದುಬಿತ್ತು. ಎಣ್ಣೆಯದು ಎಷ್ಟು ಪಾಲು ಎಂದು ವಿಜ್ಞಾನಿಗಳು ಇನ್ನೂ ವಾದಿಸುತ್ತಾರೆ, ಮೀನಂತೂ ಮೊದಲಿನಂತೆ ಮರಳಿಲ್ಲ. ಕಾರ್ಡೋವಾ ಎಂಬ ಊರಿನಲ್ಲಿ ಸಾಲ ಮಾಡಿ ದೋಣಿ ಕೊಂಡವರು ದೋಣಿ ಮಾರಿಕೊಂಡರು. 1994ರಲ್ಲಿ ಜ್ಯೂರಿ ಹಡಗಿನ ಕಂಪನಿಗೆ 500 ಕೋಟಿ ಡಾಲರ್ ದಂಡ ವಿಧಿಸಿತು. 2008ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಅದನ್ನು ಸುಮಾರು 50 ಕೋಟಿಗೆ ಇಳಿಸಿತು. ಅಷ್ಟರಲ್ಲಿ ಪರಿಹಾರಕ್ಕೆ ಕಾದವರಲ್ಲಿ ಅನೇಕರು ಇರಲೇ ಇಲ್ಲ.

ಈಗ ಉತ್ತರ ತುದಿಗೆ ಬಾ. ಉತ್ಕಿಯಾಗ್ವಿಕ್ ಎಂಬ ಊರಿದೆ, ಮೊದಲು ಬ್ಯಾರೋ ಎನ್ನುತ್ತಿದ್ದರು. ಹೊರಗಿನಿಂದ ಅಲ್ಲಿಗೆ ರಸ್ತೆಯಿಲ್ಲ; ಅಂಗಡಿಯ ಸಾಮಾನು ವಿಮಾನದಲ್ಲೋ ಬೇಸಿಗೆಯ ಹಡಗಿನಲ್ಲೋ ಬರಬೇಕು, ಬೆಲೆ ಕೇಳಿದರೆ ಎದೆ ಧಸಕ್ಕೆನ್ನುತ್ತದೆ. ಅಲ್ಲಿನ ಇನ್ಯುಪಿಯಾಟ್ ಜನಕ್ಕೆ ಬೋಹೆಡ್ ತಿಮಿಂಗಿಲವೇ ಊಟ, ಅದೇ ಹಬ್ಬ. ಹಿಡಿದ ತಿಮಿಂಗಿಲ ಒಬ್ಬರ ಸೊತ್ತಲ್ಲ. ಊರಿಗೆಲ್ಲ ಪಾಲು ಹೋಗುತ್ತದೆ, ವಿಧವೆಗೂ ಮುದುಕರಿಗೂ ಮನೆಬಾಗಿಲಿಗೆ. ಜೂನ್ ತಿಂಗಳ 'ನಲುಕಾಟಕ್' ಹಬ್ಬದಲ್ಲಿ ಎಲ್ಲರೂ ಒಟ್ಟಿಗೆ ಕೂತು ಉಣ್ಣುತ್ತಾರೆ. ಎಣ್ಣೆ ಹುಡುಕುವವರು ನೀರಿನೊಳಗೆ ಹೊಡೆಯುವ ಸದ್ದಿಗೆ ತಿಮಿಂಗಿಲ ದಾರಿ ಬದಲಿಸಿದರೆ, ಚಿಕ್ಕ ದೋಣಿಯಲ್ಲಿ ಹೋದವರು ಇನ್ನೂ ದೂರ ಹೋಗಬೇಕು. ಆ ದೂರದಲ್ಲಿ ಪ್ರಾಣಭಯವಿದೆ. ಪಾಯಿಂಟ್ ಹೋಪ್ ಎಂಬ ಹಳ್ಳಿಯ ಜನ ಚುಕ್ಚಿಯ ಗುತ್ತಿಗೆಗಳ ವಿರುದ್ಧ ಕೋರ್ಟಿಗೆ ಹೋದದ್ದು ಸುಮ್ಮನೆ ಅಲ್ಲ.

ಇಷ್ಟು ಕೇಳಿ ನಿನ್ನ ತಮ್ಮ ಚಪ್ಪಾಳೆ ತಟ್ಟಬಹುದು. ಇನ್ನರ್ಧವನ್ನೂ ಅವನು ಕೇಳಲಿ.

ಅದೇ ಉತ್ಕಿಯಾಗ್ವಿಕ್‌ನ ಶಾಲೆ, ನಲ್ಲಿಯ ನೀರಿನ ಸೌಕರ್ಯ ಬೆಳೆದದ್ದು ಎಣ್ಣೆಯ ತೆರಿಗೆಯಿಂದ. ಅದೇ ಉತ್ತರ ಕರಾವಳಿಯ ಪ್ರೂಡೋ ಬೇಯಲ್ಲಿ 1968ರಲ್ಲಿ ಎಣ್ಣೆ ಸಿಕ್ಕಿತು; 1972ರಲ್ಲಿ ಅಲ್ಲಿಯ ಜನ ತಮ್ಮದೇ ಸ್ಥಳೀಯ ಸರ್ಕಾರ ಕಟ್ಟಿ, ಕಂಪನಿಗಳ ಮೇಲೆ ತೆರಿಗೆ ಹಾಕಿದರು. ಅದಕ್ಕೂ ಮೊದಲು ಹೈಸ್ಕೂಲು ಓದಬೇಕೆಂದರೆ ಮಕ್ಕಳು ತಾಯಿತಂದೆಯನ್ನು ಬಿಟ್ಟು ನೂರಾರು ಮೈಲಿ ದೂರದ ಹಾಸ್ಟೆಲಿಗೆ ಹೋಗಬೇಕಿತ್ತು. ಎಣ್ಣೆ ಆ ಮಕ್ಕಳನ್ನು ಮನೆಯಲ್ಲಿ ಉಳಿಸಿತು. ಇಡೀ ಅಲಾಸ್ಕಾದಲ್ಲಿ ಕೂಸಿನಿಂದ ಹಿಡಿದು ಮುದುಕರವರೆಗೆ ಪ್ರತಿಯೊಬ್ಬ ಅರ್ಹ ನಿವಾಸಿಗೂ ಎಣ್ಣೆಯ ನಿಧಿಯಿಂದ ವರ್ಷಕ್ಕೊಮ್ಮೆ ಪಾಲು ಸಿಗುತ್ತದೆ. 1982ರಲ್ಲಿ ಮೊದಲ ಸಲ ಕೊಟ್ಟಾಗ ತಲೆಗೆ 1,000 ಡಾಲರ್. ಉತ್ತರದ ಎಣ್ಣೆಯನ್ನು ಸಾಗಿಸುವ, 1988ರಲ್ಲಿ ದಿನಕ್ಕೆ 20 ಲಕ್ಷ ಬ್ಯಾರೆಲ್ ಹರಿದ ಕೊಳವೆಮಾರ್ಗದಲ್ಲಿ ಈಗ ಹರಿಯುವುದು ಸುಮಾರು ಕಾಲು ಭಾಗ. ಹರಿವು ಕುಗ್ಗಿದಷ್ಟೂ ಎಣ್ಣೆ ತಣ್ಣಗಾಗಿ ಕೊಳವೆಯೊಳಗೆ ಮೇಣ ಕಟ್ಟುತ್ತದೆ, ಸರ್ಕಾರದ ಖಜಾನೆಯೂ ಬಿಗಿಯುತ್ತದೆ.

ಆದ್ದರಿಂದಲೇ ಇನ್ಯುಪಿಯಾಟರದೇ ಕಂಪನಿಗಳು 2014ರಲ್ಲಿ ಶೆಲ್ ಜೊತೆ ಕೈಜೋಡಿಸಿದವು. ಅವರು ದುರಾಸೆಯವರು ಎಂದು ಇಲ್ಲಿ ಕೂತು ತೀರ್ಪು ಕೊಡಬೇಡ. ಒಂದೇ ಮನೆಯಲ್ಲಿ ಅಣ್ಣ ಎಣ್ಣೆ ಕ್ಷೇತ್ರದಲ್ಲಿ, ತಮ್ಮ ತಿಮಿಂಗಿಲದ ದೋಣಿಯಲ್ಲಿ ಇರಬಹುದು. ಎಷ್ಟೋ ಸಲ ಇಬ್ಬರೂ ಒಬ್ಬನೇ. ದೋಣಿಯ ಮೋಟರಿಗೆ ಪೆಟ್ರೋಲ್ ಹಾಕುವುದು ಎಣ್ಣೆಯ ಸಂಬಳದಿಂದ.

ಈ ಜನರ ಪಾಲಿಗೆ ದೂರದ ರಾಜಧಾನಿ ಮಾಡಿದ್ದೇನು ನೋಡು. 2016ರ ಡಿಸೆಂಬರ್ 20ರಂದು ಒಬಾಮಾ ಚುಕ್ಚಿಯನ್ನೂ ಅದರ ಪಕ್ಕದ ಬ್ಯೂಫೋರ್ಟ್ ಸಮುದ್ರದ ಬಹುಭಾಗವನ್ನೂ ಹೊಸ ಕೊರೆತಕ್ಕೆ ಮುಚ್ಚಿದರು; ಅದೇ ದಿನ ಕೆನಡಾವೂ ತನ್ನ ಆರ್ಕ್ಟಿಕ್ ನೀರನ್ನು ಮುಚ್ಚಿತು. 2017ರಲ್ಲಿ ಟ್ರಂಪ್ ತೆರೆದರು. 2019ರಲ್ಲಿ ಆಂಕರೇಜ್‌ನ ನ್ಯಾಯಾಲಯ, ಹಾಗೆ ತೆರೆಯುವ ಅಧಿಕಾರ ಅವರಿಗಿಲ್ಲ ಎಂದಿತು. 2021ರಲ್ಲಿ ಬೈಡನ್ ಮತ್ತೆ ಮುಚ್ಚಿದರು, 2025ರಲ್ಲಿ ಟ್ರಂಪ್ ಮತ್ತೆ ತೆರೆದರು. ಮಗನಿಗೆ ವೆಲ್ಡಿಂಗ್ ಕಲಿಸಲೋ, ದೋಣಿಗೆ ಸಾಲ ಮಾಡಲೋ ಎಂದು ಯೋಚಿಸುವ ತಂದೆ ಯಾವ ಮಾತನ್ನು ನಂಬಬೇಕು?

ದಕ್ಷಿಣ ಧ್ರುವದಲ್ಲಿ ಕೆಲಸ ಸಲೀಸಾಯಿತು. 1991ರ ಮ್ಯಾಡ್ರಿಡ್ ಒಪ್ಪಂದ ಅಂಟಾರ್ಕ್ಟಿಕಾದಲ್ಲಿ ಖನಿಜ ತೆಗೆಯುವುದನ್ನೇ ನಿಷೇಧಿಸಿತು, ಭಾರತವೂ ಅದಕ್ಕೆ ಬದ್ಧ. ಅಲ್ಲಿ ಸಂಶೋಧಕರ ಶಿಬಿರಗಳಿವೆ, ಊರುಗಳಿಲ್ಲ. ಉತ್ತರದಲ್ಲಿ ತೊಟ್ಟಿಲುಗಳಿವೆ, ಶಾಲೆಗಳಿವೆ, ಸಾಲಗಳಿವೆ. ಸುಮಾರು 56 ಸಾವಿರ ಜನರ ಗ್ರೀನ್‌ಲ್ಯಾಂಡ್ 2021ರಲ್ಲಿ ತಾನೇ ಮುಂದೆ ಬಂದು ಹೊಸ ಎಣ್ಣೆ ಹುಡುಕಾಟ ನಿಲ್ಲಿಸಿತು. ಡೆನ್ಮಾರ್ಕ್‌ನ ಅನುದಾನವನ್ನು ನೆಚ್ಚಿದ ಆ ನಾಡು, ಎಣ್ಣೆಯ ದುಡ್ಡಿನಿಂದ ಸ್ವತಂತ್ರವಾಗುವ ಆಸೆಯನ್ನು ಪಕ್ಕಕ್ಕಿಟ್ಟು ಸಿಗಡಿ, ಮೀನುಗಳನ್ನು ನಂಬಿತು. ಇಂಥ ತ್ಯಾಗಕ್ಕೆ ಕೈಮುಗಿಯಬೇಕು. ಆದರೆ ಅದರ ಖರ್ಚನ್ನು ಅವರೊಬ್ಬರೇ ಹೊರಬೇಕೇ?

ನಮ್ಮ ತದಡಿ ಬಂದರನ್ನು ನೆನೆಸಿಕೋ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಮೀನುಗಾರಿಕೆಯ ನಿಷೇಧದಿಂದ ಕಟ್ಟಿ ನಿಲ್ಲುತ್ತವೆ. ಐಸ್ ಪ್ಲಾಂಟಿನವನಿಗೆ ಕೆಲಸವಿಲ್ಲ, ಬುಟ್ಟಿ ಹೊರುವ ಹೆಂಗಸರಿಗೆ ವ್ಯಾಪಾರವಿಲ್ಲ. ಆದರೂ ಜನ ಸಹಿಸುತ್ತಾರೆ. ಯಾಕೆಂದರೆ ಅದು ಮೊದಲೇ ಗೊತ್ತಿರುವ ದಿನಾಂಕ, ಯಾಂತ್ರಿಕ ದೋಣಿಯವರಿಗೆಲ್ಲ ಒಂದೇ ನಿಯಮ, ಮೀನು ಮರಿ ಮಾಡಿದರೆ ಅದರ ಫಲ ಉಣ್ಣುವವರೂ ಅವರೇ. ಒಂದಿಷ್ಟು ಪರಿಹಾರವೂ ಇದೆ, ಸಾಲದಿದ್ದರೂ. ನಿಷೇಧಕ್ಕೆ ಈ ಕಾಲುಗಳಿದ್ದರೆ ಮಾತ್ರ ಅದು ನಿಲ್ಲುತ್ತದೆ.

ಇನ್ನೊಂದು ವಿಷಯ. ಧ್ರುವದ ಬಾವಿ ಮುಚ್ಚಿದರೆ ಕುಮಟಾದ ಬಂಕಿನಲ್ಲಿ ಪೆಟ್ರೋಲ್ ದುಬಾರಿಯಾಗುತ್ತದೆ ಎಂದು ಹೆದರಿಸುವವರನ್ನು ನಂಬಬೇಡ. ಚುಕ್ಚಿಯಿಂದ ಈವರೆಗೆ ಮಾರಾಟಕ್ಕೆ ಒಂದು ಬ್ಯಾರೆಲ್ಲೂ ಬಂದಿಲ್ಲ; ಈಗ ಸಿಕ್ಕರೂ ಹರಿಯಲು ಹತ್ತು ವರ್ಷಕ್ಕೂ ಹೆಚ್ಚು ಬೇಕು. ನಮ್ಮ ಬೆಲೆ ಏರಿಳಿಯುವುದು ಕೊಲ್ಲಿಯ ಯುದ್ಧಗಳಿಂದ, ತೆರಿಗೆಯಿಂದ, ಡಾಲರಿನಿಂದ.

ಹಾಗಾದರೆ ನೀನು ಏನು ಕಲಿಯಬೇಕು? ಮಗಳೇ, ಹೋದ ಮೊದಲ ವರ್ಷ ಯಾವ ಪಕ್ಷವನ್ನೂ ಹಿಡಿಯಬೇಡ. ಉತ್ತರದ ಊರುಗಳಿಂದ ಬಂದ ಸಹಪಾಠಿಗಳ ಜೊತೆ ಕೂತು ಉಣ್ಣು. ಅವರ ಅಜ್ಜಿ ಏನು ತಿಂದು ಬೆಳೆದಳು, ಅವರ ಅಪ್ಪನ ಸಂಬಳ ಎಲ್ಲಿಂದ ಬರುತ್ತದೆ ಎಂದು ಎರಡನ್ನೂ ಕೇಳು. ಕೇಳಿದ ಮೇಲೆ ಮಾತಾಡು.

ಮತ್ತೆ, ನಿನ್ನ ವಿದ್ಯೆಗೆ ನಾಚಬೇಡ. ಅಲಾಸ್ಕಾದ ಉತ್ತರದ ಇಳಿಜಾರಿನಲ್ಲಿ 1940ರ ದಶಕದಿಂದ ಸರ್ಕಾರವೇ ಕೊರೆಸಿದ ನೂರಕ್ಕೂ ಹೆಚ್ಚು ಬಾವಿಗಳಿವೆ. ಕೆಲವನ್ನು ಸರಿಯಾಗಿ ಮುಚ್ಚದೆ ಬಿಟ್ಟುಹೋಗಿದ್ದರು. ಅವನ್ನು ಒಂದೊಂದಾಗಿ ಶುಚಿಮಾಡಿ ಮುಚ್ಚುವ ಕೆಲಸಕ್ಕೆ ದಶಕಗಳೇ ಹಿಡಿದಿವೆ. ನಿಷೇಧ ಬಂದ ಮೇಲೂ ಆ ಕೆಲಸ ಬೇಕು, ಅದಕ್ಕೆ ಸಂಬಳವೂ ಬೇಕು. ಆ ಸಂಬಳ ಅದೇ ಊರಿನ ಹುಡುಗರ ಕೈಗೆ ಸೇರುವಂತೆ ಮಾಡಿದರೆ ನನ್ನ ಋಣದ ಒಂದು ಪಾಲು ನಿನ್ನಿಂದ ತೀರಿದಂತೆ.

ನಮ್ಮ ಕಾಲದಲ್ಲಿ ಎಣ್ಣೆ ಚಿಮ್ಮಿದ ದಿನ ಸಿಹಿ ಹಂಚುತ್ತಿದ್ದೆವು. ಬತ್ತಿದ ಬಾವಿಗೆ ಸಿಮೆಂಟ್ ಇಳಿಸಿ ಮುಚ್ಚುವ ದಿನ ಮಾತ್ರ ಮಾತಿಲ್ಲದೆ ಕೆಲಸ ಮುಗಿಸುತ್ತಿದ್ದೆವು. ಸಿಮೆಂಟ್ ಗಟ್ಟಿಯಾಗುವವರೆಗೆ ಕಾದು, ಮೇಲೆ ಭಾರ ಹೇರಿ ಅದು ತಡೆಯುತ್ತದೆಂದು ಖಚಿತಪಡಿಸಿಕೊಂಡೇ ರಿಗ್ಗನ್ನು ಕದಲಿಸುತ್ತಿದ್ದೆವು. ಆ ಕಾಯುವಿಕೆಯನ್ನು ಚೆನ್ನಾಗಿ ಕಲಿತು ಬಾ.

ನಿನ್ನ
ದೊಡ್ಡಪ್ಪ